ಹತ್ತು ಮಂದಿಯ ಮಾಲಕಿ ಜುಲೈಕಾ

ಜುಲೈಕಾಳನ್ನು ನಾನು ಮೊದಲು ನೋಡಿದ್ದು ಫರಂಗಿಪೇಟೆಯ ಬೀಡಿ ಬ್ರಾಂಚಿನಲ್ಲಿ, ಎರಡು ಸಾವಿರದ ಎರಡನೇ ಇಸವಿಯ ಒಂದು ಮಂಗಳವಾರ. ಹೆದ್ದಾರಿ ಆಗಿನ್ನೂ ಎರಡೇ ಸಾಲು. ಬ್ರಾಂಚೆಂದರೆ ಅದರ ಬದಿಯಲ್ಲಿದ್ದ ಒಂದು ಹಂಚಿನ ಕೋಣೆ. ನಾವು ಹೆಂಗಸರು ಮನೆಯಲ್ಲಿ ಕಟ್ಟಿದ ಬೀಡಿಯನ್ನು ಅಲ್ಲಿಗೆ ತರಬೇಕು. ಚೆಕ್ಕರ್ ಕೇಶವಪ್ರಸಾದ ಒಂದೊಂದು ಕಟ್ಟನ್ನೂ ಹಿಸುಕಿ ನೋಡಿ, ಮನಸ್ಸಿಗೆ ಬಾರದ್ದನ್ನು ಮೇಜಿನ ಕೆಳಗಿನ ಡಬ್ಬಕ್ಕೆ ಹಾಕುತ್ತಿದ್ದ. ಡಬ್ಬಕ್ಕೆ ಬಿದ್ದ ಬೀಡಿ ನಮ್ಮ ಪುಸ್ತಕಕ್ಕೂ ಏರುವುದಿಲ್ಲ, ನಮ್ಮ ಕೈಗೂ ತಿರುಗಿ ಬರುವುದಿಲ್ಲ. ಅದು ಎಲ್ಲಿಗೆ ಹೋಗುತ್ತದೆ ಎಂದು ಕೇಳುವ ಕ್ರಮ ಇರಲಿಲ್ಲ.

ಆ ದಿನ ಸಾಲಿನಲ್ಲಿ ನನ್ನ ಮುಂದೆ ನಿಂತವಳು ಇಪ್ಪತ್ತಮೂರರ ಹೊಸಬಳು. ಸೊಂಟದಲ್ಲಿ ಮಗು, ಕೈಯಲ್ಲಿ ಬೀಡಿಯ ಚೀಲ. ಕೇಶವಪ್ರಸಾದ ಅವಳ ಒಂದು ಕಟ್ಟನ್ನು ಹಿಸುಕಿ ಡಬ್ಬಕ್ಕೆ ಎಸೆದ.

"ಅದು ಎಂತಕ್ಕೆ ಅಣ್ಣ?"

"ಸಡಿಲ ಉಂಟು."

"ಎಲ್ಲಿ ಸಡಿಲ, ಒಂದು ತೆಗೆದು ತೋರಿಸಿ."

"ತೆಗೆದು ತೋರಿಸ್ಲಿಕ್ಕೆ ಇದೆಂತ ಸೀರೆ ಅಂಗಡಿಯಾ?"

ಅವಳು ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದಳು. "ಹಾಗಾದ್ರೆ ಒಂದು ಮಾತು ಹೇಳಿ. ಹಾಳಾದ ಬೀಡಿ ನನ್ನದಾದ್ರೆ ನನ್ನ ಕೈಗೆ ಕೊಡಿ. ನಿಮ್ಮದಾದ್ರೆ ಪುಸ್ತಕದಲ್ಲಿ ಬರೀರಿ. ಇಬ್ಬರದ್ದೂ ಅಲ್ಲ ಅಂತಾದ್ರೆ ಅದನ್ನು ಸೇದುವವ ಯಾರು?"

ಸಾಲಿನಲ್ಲಿದ್ದ ಹದಿನಾಲ್ಕು ಮಂದಿಯೂ ನಕ್ಕೆವು. ಕಟ್ಟು ಡಬ್ಬದಿಂದ ಹೊರಗೆ ಬಂತು. ಮುಂದಿನ ವಾರ ಅವಳ ಎರಡು ಕಟ್ಟು ಡಬ್ಬಕ್ಕೆ ಹೋಯಿತು. ನ್ಯಾಯ ಕೇಳಿದವರಿಗೆ ಬ್ರಾಂಚಿನಲ್ಲಿ ಅಷ್ಟು ಬಡ್ಡಿ ಹಾಕುವುದಿತ್ತು.

ಹೊರಗೆ ಬರುವಾಗ ನನ್ನನ್ನು ನೋಡಿ, "ನೀವು ಜೋರು ನಕ್ಕದ್ದು, ನಿಮ್ಮದೂ ಹೋಗ್ತದೆ ನೋಡಿ," ಅಂದಳು. ಹೋಯಿತು. ಅಲ್ಲಿಂದ ನಮ್ಮ ಸ್ನೇಹ.

ಅವಳ ತವರು ಬೆಳ್ತಂಗಡಿಯ ಆಚೆ ಅಳದಂಗಡಿ. ಮದುವೆಯಾಗಿ ಫರಂಗಿಪೇಟೆಗೆ ಬಂದವಳು, ನನ್ನ ಮನೆಯಿಂದ ಏಳನೆಯ ಮನೆಗೆ. ನಾನು ಪೂವಮ್ಮ, ಅವಳಿಗೆ ಪೂವಕ್ಕ. ಗಂಡ ಅಬ್ಬಾಸ್ ಆಗ ಸೌದಿಯ ದಮ್ಮಾಮಿನಲ್ಲಿ ಯಾರದೋ ಮನೆಯ ಕಾರು ಬಿಡುತ್ತಿದ್ದ. ಹನ್ನೊಂದು ವರ್ಷ ಕಾರು ಬಿಟ್ಟು, ಅಲ್ಲಿಯ ಕಾನೂನು ಬದಲಾದಾಗ ಎರಡು ಪೆಟ್ಟಿಗೆ, ಒಂದು ಸೊಂಟನೋವು ತೆಗೆದುಕೊಂಡು ಬಂದ. ಆಮೇಲೆ ತಮ್ಮನ ದಿನಸಿ ಅಂಗಡಿಯಲ್ಲಿ ಕೂರುತ್ತಿದ್ದ. ಕೆಲಸಕ್ಕೋ ಮಾತಿಗೋ ಎಂದು ತಮ್ಮನಿಗೂ ಗೊತ್ತಿರಲಿಲ್ಲ. ಹೆಂಡತಿಯ ಬಗ್ಗೆ ಯಾರಾದರೂ ಕೇಳಿದರೆ ಅವನ ಉತ್ತರ ಒಂದೇ: "ಅವಳಾ? ಸುಮ್ಮನೆ ಮನೆಯಲ್ಲಿ ಕೂತು ಬೀಡಿ ಕಟ್ತಾಳೆ."

ಆ ಸುಮ್ಮನೆ ಕೂತದ್ದು ದಿನಕ್ಕೆ ಎಂಟು ಗಂಟೆ. ಎಲೆಯನ್ನು ಅಚ್ಚಿಟ್ಟು ಕತ್ತರಿಸುವುದು, ಹೊಗೆಸೊಪ್ಪಿನ ಹುಡಿ ತುಂಬುವುದು, ಸುರುಳಿ ಸುತ್ತಿ ತುದಿ ಮಡಚುವುದು, ನೂಲು ಕಟ್ಟುವುದು. ಜುಲೈಕಾ ಮೊರದಂಥ ತಡ್ಪೆಯನ್ನು ಮಡಿಲಲ್ಲಿಟ್ಟು ನನ್ನ ಹತ್ತಿರ ಮಾತಾಡುತ್ತಲೇ ಸಾವಿರ ಕಟ್ಟುವವಳು, ಒಮ್ಮೆಯೂ ಕೆಳಗೆ ನೋಡುತ್ತಿರಲಿಲ್ಲ. ಎಲೆ ಉಜ್ಜಿ ಉಜ್ಜಿ ಅವಳ ಬೆರಳಿನ ಗೆರೆ ಸವೆದುಹೋಗಿತ್ತು. ರೇಷನ್ ಅಂಗಡಿಯ ಯಂತ್ರಕ್ಕೆ ಅವಳ ಗುರುತೇ ಸಿಗದು. ಮಗಳು ಮುರ್ಶಿದಾ ಬಂದು ಬೆರಳಿಟ್ಟರೆ ಅಕ್ಕಿ ಬರುತ್ತಿತ್ತು. "ಸರಕಾರಕ್ಕೆ ನಾನು ಸತ್ತು ಹತ್ತು ವರ್ಷ ಆಯ್ತು ಪೂವಕ್ಕ," ಎಂದು ನಗುತ್ತಿದ್ದಳು.

ಮತ್ತೆ ಬೀಡಿಗೆ ಕೆಟ್ಟ ಕಾಲ ಬಂತು. ವಾರಕ್ಕೆ ಆರು ದಿನ ಕೊಡುತ್ತಿದ್ದ ಎಲೆಯನ್ನು ನಾಲ್ಕು ದಿನಕ್ಕೆ ಇಳಿಸಿದರು, ಆಮೇಲೆ ಎರಡು. ಒಂದು ಸೋಮವಾರ ಹೋಗಿ ನೋಡಿದರೆ ಬ್ರಾಂಚಿನ ಬೋರ್ಡು ಇಲ್ಲ. ಆ ಜಾಗದಲ್ಲಿ ಹೊಸ ಬೋರ್ಡು: ಮಹಿಳಾ ಉದ್ಯಮಶೀಲತಾ ಸಮೂಹ ಕೇಂದ್ರ. ಒಳಗೆ ಅದೇ ಮೇಜು, ಅದೇ ಡಬ್ಬ, ಅದೇ ಕೇಶವಪ್ರಸಾದ. ಎಲೆ ಕೊಟ್ಟು ಬೀಡಿ ಕೊಳ್ಳುತ್ತಿದ್ದ ಕಂಟ್ರಾಕ್ಟರು ಈಗ ಪಾಲುದಾರರಂತೆ. ಚೆಕ್ಕರ್ ಈಗ ಕ್ವಾಲಿಟಿ ಮ್ಯಾನೇಜರಂತೆ.

"ಮತ್ತೆ ನಾವು?" ಎಂದು ಜುಲೈಕಾ ಕೇಳಿದಳು.

"ನೀವು ಇನ್ನು ಕೂಲಿಯವರಲ್ಲ. ಉದ್ಯಮಿಗಳು," ಅಂದ ಕೇಶವಪ್ರಸಾದ. ಅವನಿಗೂ ಆ ಶಬ್ದ ಹೊಸದು, ಕಾಗದ ನೋಡಿ ಹೇಳಿದ.

ಉದ್ಯಮಿಗಳ ಕೆಲಸ ಊದುಬತ್ತಿ ಹೊಸೆಯುವುದು. ಹುಡಿ ಮತ್ತು ಕಡ್ಡಿ ಕಂಟ್ರಾಕ್ಟರದ್ದು, ಹೊಸೆದದ್ದನ್ನು ತೆಗೆದುಕೊಳ್ಳುವವರೂ ಅವರೇ, ಸಾವಿರಕ್ಕೆ ಇಷ್ಟು ಎಂದು ಹೇಳುವವರೂ ಅವರೇ. ಬದಲಾದದ್ದು ಒಂದು. ಬೀಡಿಗೆ ಪಿಎಫ್ ಪುಸ್ತಕ ಇತ್ತು, ಬೋನಸ್ ಇತ್ತು, ಬಾಗಿಲ ಮುಂದೆ ಕೂತು ಘೋಷಣೆ ಕೂಗಲಿಕ್ಕೆ ಯೂನಿಯನ್ ಇತ್ತು. ಉದ್ಯಮಿಗೆ ಅದೆಲ್ಲ ಎಂತಕ್ಕೆ? ತನ್ನ ವಿರುದ್ಧ ತಾನೇ ಘೋಷಣೆ ಕೂಗುವುದುಂಟೇ?

"ಅದರ ಹೊಗೆ ಬಾಯಿಗೆ, ಇದರ ಹೊಗೆ ದೇವರಿಗೆ," ಅಂದಳು ಜುಲೈಕಾ. "ಕೆಮ್ಮು ಮಾತ್ರ ಎರಡರಲ್ಲೂ ನಮಗೇ."

ತರಬೇತಿ ಹತ್ತು ದಿನ. ಹೇಳಿಕೊಡಲಿಕ್ಕೆ ಬೆಳ್ತಂಗಡಿಯ ಒಂದು ತರಬೇತಿ ಕೇಂದ್ರದಿಂದ ಅನ್ವಿತಾ ಎಂಬ ಹುಡುಗಿ ಬರುತ್ತಿದ್ದಳು. ಪ್ರಾಯ ಇಪ್ಪತ್ತಾರು, ಮಾತು ಮೆದು. ಊದುಬತ್ತಿ ಹೊಸೆಯಲು ನಮಗೆ ಅರ್ಧ ಗಂಟೆ ಸಾಕಾಯಿತು. ಉಳಿದ ಒಂಬತ್ತೂವರೆ ದಿನ ನಾವು ಆತ್ಮವಿಶ್ವಾಸ ಕಲಿತೆವು. ಕನ್ನಡಿ ನೋಡಿ, "ನಾನು ಗೆಲ್ಲುತ್ತೇನೆ," ಎಂದು ಮೂರು ಸಲ ಹೇಳಬೇಕು. ಕೊನೆಯ ದಿನ ಅನ್ವಿತಾ ಒಬ್ಬೊಬ್ಬರನ್ನೇ ಕರೆದು ಫೋನಿನಲ್ಲಿ ನೋಂದಣಿ ಮಾಡಿದಳು. ನನ್ನ ಪ್ರಾಯ ಹೆಚ್ಚಾಯಿತೆಂದು ನನ್ನನ್ನು ಬಿಟ್ಟಳು. ಜುಲೈಕಾಳ ಸರದಿ ಬಂದಾಗ ನಾನು ಪಕ್ಕದಲ್ಲೇ ಇದ್ದೆ.

"ಘಟಕದ ಹೆಸರು?"

"ಘಟಕ ಅಂದ್ರೆ?"

"ನೀವು ಕೆಲಸ ಮಾಡುವ ಜಾಗ."

"ಮನೆಯ ಚಾವಡಿ."

ಅನ್ವಿತಾ 'ಜುಲೈಕಾ ಎಂಟರ್‌ಪ್ರೈಸಸ್' ಎಂದು ಒತ್ತಿದಳು. "ಕೆಲಸಕ್ಕೆ ಎಷ್ಟು ಜನ ಇದ್ದಾರೆ?"

ಜುಲೈಕಾ ಎರಡು ಕೈಯನ್ನೂ ಮೇಲೆತ್ತಿ ಬೆರಳು ಬಿಡಿಸಿದಳು. "ಹತ್ತು. ಈ ಕಡೆ ಐದು, ಆ ಕಡೆ ಐದು. ಎಲ್ಲ ಹೆಂಗಸರೇ."

ನಾವೆಲ್ಲ ನಕ್ಕೆವು. ಅನ್ವಿತಾ ತಲೆ ಎತ್ತಿರಲಿಲ್ಲ. ನಕ್ಕದ್ದು ಸಂತೋಷಕ್ಕೆ ಎಂದುಕೊಂಡಳೋ ಏನೋ, ಹತ್ತು ಎಂದು ಒತ್ತಿ, "ವೆರಿ ಗುಡ್," ಅಂದಳು. ಜುಲೈಕಾಳ ಫೋನಿಗೆ ನಂಬರು ಬಂತು, ಅವಳು ಓದಿ ಹೇಳಿದಳು, ಮುಗಿಯಿತು. ಅವಳ ಬೆರಳು ಗುರುತಿಸದ ಸರಕಾರ ಅವಳನ್ನು ಆ ದಿನ ಗುರುತಿಸಿತು.

ಹತ್ತು ಜನರಿಗೆ ಕೆಲಸ ಕೊಟ್ಟವಳು ನಮ್ಮ ತಂಡದಲ್ಲಿ ಅವಳೊಬ್ಬಳೇ ಆದ್ದರಿಂದ ಮೂಡುಬಿದಿರೆಯ ಸಮಾವೇಶಕ್ಕೆ ಅವಳಿಗೆ ಕರೆ ಬಂತು. ನಾನೂ ಹೋದೆ. ಎರಡು ಬಸ್ಸು ತುಂಬ ಉದ್ಯಮಿಗಳು, ಸಿದ್ಧಕಟ್ಟೆ ದಾರಿಯಾಗಿ. ಸಭೆ ಹತ್ತಕ್ಕೆಂದರು, ಮಂತ್ರಿಗಳು ಒಂದೂ ಕಾಲಿಗೆ ಬಂದರು. ಮುಂದಿನ ಆರು ಸಾಲು ಸೋಫಾ ಗಂಡಸರಿಗೆ, ಅವರು ಹೆಂಗಸರ ಸಬಲೀಕರಣ ಮಾಡುವವರು. ಹಿಂದಿನ ಕುರ್ಚಿ ಸಬಲರಾದ ನಮಗೆ. ಜುಲೈಕಾಳನ್ನು ವೇದಿಕೆಗೆ ಕರೆದು ಶಾಲು ಹೊದಿಸಿ ಪ್ರಮಾಣಪತ್ರ ಕೊಟ್ಟರು. "ಕೆಲಸ ಕೇಳುವ ಕೈಗಳು ಇಂದು ಕೆಲಸ ಕೊಡುವ ಕೈಗಳಾಗಿವೆ," ಎಂದು ಮೈಕಿನವರು ಹೇಳಿದರು. ಅವಳು ವೇದಿಕೆಯ ಮೇಲೆ ತನ್ನ ಕೈಯನ್ನು ನೋಡಿಕೊಂಡಳು.

ಮರುದಿನ ಪೇಪರಿನಲ್ಲಿ ಫೋಟೋ. ಅಬ್ಬಾಸ್ ಒಂಬತ್ತು ಪ್ರತಿ ತಂದ. ಪ್ರಮಾಣಪತ್ರಕ್ಕೆ ಗಾಜು ಹಾಕಿಸಿ ಚಾವಡಿಯ ಗೋಡೆಗೆ ತೂಗುಹಾಕಿದ. ಅಂಗಡಿಯಲ್ಲಿ ಅವನ ಮಾತು ಬದಲಾಯಿತು: "ನನ್ನ ಹೆಂಡತಿ ಉದ್ಯಮಿ. ಹತ್ತು ಜನ ಇದ್ದಾರೆ ಕೈಕೆಳಗೆ." ಬೀಡಿ ಕಟ್ಟಿದ ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಹೊಗಳದವನು, ಒಂದು ಸುಳ್ಳಿಗೆ ಹಿಗ್ಗಿ ಹೋದ. ಚಾವಡಿಯಲ್ಲಿ ಹೊಸೆಯುತ್ತ ಕೂತ ಹೆಂಡತಿಗೆ ಮಾತ್ರ, "ಚಾಯ ಮಾಡು," ಎಂದು ಮೊದಲಿನ ಹಾಗೆಯೇ ಹೇಳುತ್ತಿದ್ದ.

ಆ ವರ್ಷದ ಮಳೆಗಾಲದಲ್ಲಿ ಜುಲೈಕಾಳಿಗೆ ರಕ್ತಸ್ರಾವ ಸುರುವಾಯಿತು. ತಿಂಗಳಿಗೆ ಇಪ್ಪತ್ತು ದಿನ. ಯಾರಿಗೂ ಹೇಳದೆ ನಾಲ್ಕು ತಿಂಗಳು ಕಳೆದಳು. ಕೂತಲ್ಲಿಂದ ಎದ್ದರೆ ಗೋಡೆ ಹಿಡಿಯುವುದನ್ನು ನಾನು ನೋಡಿ, ಗದರಿಸಿ ಮಂಗಳೂರಿಗೆ ಕರೆದುಕೊಂಡು ಹೋದೆ. ಗರ್ಭಕೋಶದಲ್ಲಿ ಗೆಡ್ಡೆ, ಮೂರು. ತೆಗೆಯಬೇಕು, ತಡ ಮಾಡಬಾರದು ಅಂದರು ಡಾಕ್ಟರಮ್ಮ. ಬಿಪಿಎಲ್ ಕಾರ್ಡು ಇದ್ದರೆ ಪೂರ್ತಿ ಉಚಿತ. ಇಲ್ಲದಿದ್ದರೆ ಅವರು ಹೇಳಿದ ಮೊತ್ತವನ್ನು ನಾವಿಬ್ಬರೂ ಒಮ್ಮೆಗೇ ಕೇಳಿ ಒಮ್ಮೆಗೇ ಮರೆತೆವು.

"ಕಾರ್ಡು ಉಂಟು ಡಾಕ್ಟ್ರೇ," ಅಂದಳು ಜುಲೈಕಾ, ಧೈರ್ಯದಲ್ಲಿ.

ಆದರೆ ಅದಕ್ಕೆ ಒಂದು ವಾರ ಮೊದಲು, ನಾವು ಯಾರೂ ಇಲ್ಲದ ಹೊತ್ತಿನಲ್ಲಿ, ಸರಕಾರದ ಒಬ್ಬ ಮನುಷ್ಯ ಅವಳ ಮನೆಗೆ ಬಂದಿದ್ದ. ಅನರ್ಹರ ಕಾರ್ಡು ಹುಡುಕುವ ತನಿಖೆ. ಮನೆಯಲ್ಲಿ ಇದ್ದದ್ದು ಅಬ್ಬಾಸ್. ಬಂದವನು ಗೋಡೆಯ ಗಾಜು ನೋಡಿ ಕೇಳಿದನಂತೆ, "ಇದು ನಿಜವಾ?"

"ನಿಜ ಅಲ್ಲದೆ? ಮಂತ್ರಿಗಳೇ ಕೊಟ್ಟದ್ದು."

"ಹತ್ತು ಜನ ಎಲ್ಲಿ? ಯಾರೂ ಕಾಣುವುದಿಲ್ಲ."

ಅಬ್ಬಾಸಿಗೆ ಆಗ, "ಅದು ತಮಾಷೆಗೆ ಹೇಳಿದ್ದು," ಎಂಬ ಒಂದು ಮಾತು ಸಾಕಿತ್ತು. ಅವನು ಹೇಳಿದ್ದು ಬೇರೆ. "ಇವತ್ತು ಶುಕ್ರವಾರ ಅಲ್ವಾ ಸಾರ್, ಎಲ್ಲರಿಗೂ ರಜೆ."

ಕಾರ್ಡು ರದ್ದಾಯಿತು. ಅದು ನಮಗೆ ಗೊತ್ತಾದದ್ದು ಆಸ್ಪತ್ರೆಯ ಕೌಂಟರಿನಲ್ಲಿ, ಭರ್ತಿಗೆಂದು ಬಟ್ಟೆ ಚೀಲ ಹಿಡಿದು ಹೋದ ದಿನ.

ಕಾರ್ಡಿನ ಕಚೇರಿ ಯಾವುದೆಂದು ಬರೆಯುವುದಿಲ್ಲ. ಇಪ್ಪತ್ತೆರಡು ಮೆಟ್ಟಿಲು, ಲಿಫ್ಟಿನ ಬಾಗಿಲಿಗೆ ಬೀಗ. ಜುಲೈಕಾ ಮೂರು ಕಡೆ ಕೂತು ಹತ್ತಿದಳು. ಅಲ್ಲಿಯ ಗುಮಾಸ್ತ ಶಿವಕೃಷ್ಣ ಒಳ್ಳೆಯವನೇ. ಕುರ್ಚಿ ಕೊಟ್ಟ, ನೀರು ಕೊಟ್ಟ, ಕಾರ್ಡು ಮಾತ್ರ ಕೊಡುವ ಹಾಗಿರಲಿಲ್ಲ.

"ಅಮ್ಮಾ, ಕಂಪ್ಯೂಟರಿನಲ್ಲಿ ನೀವು ಹತ್ತು ಜನರ ಮಾಲಕಿ. ಮಾಲಕಿಗೆ ಬಿಪಿಎಲ್ ಹೇಗೆ ಕೊಡುವುದು?"

"ಆ ಹತ್ತು ಜನ ನನ್ನ ಬೆರಳು ಸಾರ್."

ಶಿವಕೃಷ್ಣ ಅವಳ ಬೆರಳನ್ನು ನೋಡಿದ, ಪರದೆಯನ್ನು ನೋಡಿದ. "ಇದರಲ್ಲಿ ಬೆರಳಿಗೆ ಜಾಗ ಇಲ್ಲ. ಎರಡು ಕಾಗದ ತನ್ನಿ. ಒಂದು, ಘಟಕ ಮುಚ್ಚಿದ ಕಾಗದ. ಇನ್ನೊಂದು, ತನಿಖೆಯ ದಿನ ಹೇಳಿಕೆ ಕೊಟ್ಟವರೇ ಅದು ತಪ್ಪು ಅಂತ ಬರೆದುಕೊಡಬೇಕು."

ಮೊದಲನೆಯದಕ್ಕೆ ಬೆಳ್ತಂಗಡಿಗೆ ಹೋದೆವು. ಬಿ.ಸಿ. ರೋಡಿನಿಂದ ಬಸ್ಸು. ರಸ್ತೆ ಅಗಲ ಮಾಡುತ್ತಿದ್ದರು, ಹಾಗಾಗಿ ರಸ್ತೆ ಇರಲಿಲ್ಲ. ಒಂದೊಂದು ಹೊಂಡಕ್ಕೂ ಜುಲೈಕಾ ನನ್ನ ಕೈ ಹಿಡಿಯುತ್ತಿದ್ದಳು. ಪುಂಜಾಲಕಟ್ಟೆಯ ಹತ್ತಿರ ಮಾತು ನಿಲ್ಲಿಸಿದಳು. ಅವಳು ಮಾತು ನಿಲ್ಲಿಸಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ತರಬೇತಿ ಕೇಂದ್ರದಲ್ಲಿ ಅನ್ವಿತಾಳಿಗೆ ನಮ್ಮನ್ನು ಕಂಡು ಸಂತೋಷ. ವಿಷಯ ಹೇಳಿದ ಮೇಲೆ ಮುಖ ಸಣ್ಣದಾಯಿತು. "ನೀವು ಮುಚ್ಚಿದ್ರೆ ನನ್ನ ಟಾರ್ಗೆಟಿನಲ್ಲಿ ಒಂದು ಕಮ್ಮಿ ಆಗ್ತದೆ ಅಮ್ಮಾ. ನನ್ನದು ಹನ್ನೊಂದು ತಿಂಗಳ ಗುತ್ತಿಗೆ. ಹನ್ನೊಂದನೇ ತಿಂಗಳು ಇದೇ."

"ಅಯ್ಯೋ, ನೀನೂ ನಮ್ಮ ಹಾಗೆಯೇನಾ ಮಗಾ? ನಿನ್ನನ್ನೂ ಉದ್ಯಮಿ ಮಾಡಿಯಾರು, ಜಾಗ್ರತೆ," ಅಂದಳು ಜುಲೈಕಾ.

ಅನ್ವಿತಾ ಜುಲೈಕಾಳ ಬಿಳಿಚಿದ ತುಟಿ ನೋಡಿದಳು. ಮತ್ತೆ ಕಂಪ್ಯೂಟರ್ ತೆರೆದಳು. ಘಟಕ ಮುಚ್ಚಬಹುದು, ಆದರೆ ನಿಯಮ ಉಂಟು: ಹತ್ತು ಕೆಲಸಗಾರರೂ ತಮ್ಮ ಇಚ್ಛೆಯಿಂದ ಕೆಲಸ ಬಿಟ್ಟಿದ್ದೇವೆಂದು ಬರೆದುಕೊಡಬೇಕು. ಸಹಿ, ಇಲ್ಲವಾದರೆ ಬೆರಳೊತ್ತು.

"ಹತ್ತು ಜನರನ್ನು ಎಲ್ಲಿಂದ ತರುವುದು?" ಎಂದೆ ನಾನು.

"ಬಂದಿದ್ದಾರಲ್ಲ ಪೂವಕ್ಕ. ಬಸ್ಸಿನಲ್ಲಿ ನಿಮ್ಮ ಕೈ ಹಿಡಿದದ್ದು ಯಾರು?" ಎಂದು ಜುಲೈಕಾ ಎರಡು ಕೈಯನ್ನೂ ಮೇಜಿನ ಮೇಲೆ ಇಟ್ಟಳು.

ಅನ್ವಿತಾ ಬಾಗಿಲ ಕಡೆ ನೋಡಿದಳು. ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದಳು. ಶಾಯಿಯ ಪ್ಯಾಡು ತಂದಳು. ಹತ್ತು ಕಾಗದ ಅಚ್ಚಾಗಿ ಬಂತು, ಹತ್ತರಲ್ಲೂ ಒಂದೇ ಒಕ್ಕಣೆ.

"ಒಂದನೆಯವರ ಹೆಸರು?"

ಜುಲೈಕಾ ಬಲಗೈಯ ಹೆಬ್ಬೆರಳನ್ನು ಶಾಯಿಗೆ ಒತ್ತಿದಳು. "ಇವಳು ಶಹರ್ಬಾನು. ದಪ್ಪ, ಆದ್ರೆ ಕೆಲಸವೆಲ್ಲ ಇವಳದ್ದೇ." ತೋರುಬೆರಳು. "ಇದು ಸಬೀಹಾ. ಬೇರೆಯವರ ತಪ್ಪು ತೋರಿಸುವುದು ಮಾತ್ರ." ಉಂಗುರದ ಬೆರಳಿಗೆ ಬಂದಾಗ, "ಇದು ಶಾಹಿದಾ. ಚಿನ್ನ ಹಾಕಿಕೊಂಡದ್ದು ಬಿಟ್ಟರೆ ಒಂದು ಕೆಲಸ ಮಾಡಿದವಳಲ್ಲ. ಈಗ ಚಿನ್ನವೂ ಬ್ಯಾಂಕಿನಲ್ಲಿ," ಅಂದಳು. ಬಲಗೈ ಮುಗಿದ ಮೇಲೆ ನನ್ನ ಕಡೆ ತಿರುಗಿದಳು. "ಎಡಗೈಯವರೆಲ್ಲ ನಿಮ್ಮ ಜಾತಿಯವರು. ಹೆಸರು ನೀವು ಹೇಳಿ. ಇಲ್ಲಾಂದ್ರೆ ಎಲ್ಲ ನಮ್ಮ ಬ್ಯಾರಿಗಳನ್ನೇ ಕೆಲಸಕ್ಕೆ ಇಟ್ಟಿದ್ದಾಳೆ ಅಂತ ಅದಕ್ಕೊಂದು ತನಿಖೆ ಬಂದೀತು."

ನಾನು ಐದು ಹೆಸರು ಹೇಳಿದೆ. ಸುಬ್ಬಮ್ಮ ನನ್ನ ತೀರಿಹೋದ ಅತ್ತೆ. ಉಳಿದ ನಾಲ್ಕು ಮಂದಿಯೂ ತೀರಿಹೋದವರೇ. ಬದುಕಿದವರ ಹೆಸರು ಹೇಳಿ ಅವರ ಕಾರ್ಡು ಹೋಗುವುದು ಬೇಡ ಎಂದುಕೊಂಡೆ. ಕಾಗದದಲ್ಲಿ ಹತ್ತು ಕಪ್ಪು ಬೊಟ್ಟು ಬಿದ್ದವು. ಗೆರೆಯೇ ಇಲ್ಲದ್ದರಿಂದ ಯಾವುದು ಯಾರದ್ದೆಂದು ಯಾವ ತನಿಖೆಯವನಿಗೂ ತಿಳಿಯುವಂತಿರಲಿಲ್ಲ.

ಕೊನೆಗೆ ಅನ್ವಿತಾ ಒಕ್ಕಣೆಯನ್ನು ಓದಿ ಹೇಳಿದಳು. ಅದು ನಿಯಮವಂತೆ. "ನಾನು ವೈಯಕ್ತಿಕ ಕಾರಣದಿಂದ ಕೆಲಸ ಬಿಟ್ಟಿರುತ್ತೇನೆ. ಮಾಲಕಿಯಿಂದ ನನಗೆ ಯಾವುದೇ ತೊಂದರೆ ಆಗಿರುವುದಿಲ್ಲ."

ಜುಲೈಕಾ ಶಾಯಿಯ ಕೈಯನ್ನು ತಿರುಗಿಸಿ ನೋಡಿದಳು. "ಅದು ಸುಳ್ಳು ಮಗಾ. ಇಪ್ಪತ್ತೆರಡು ವರ್ಷದಲ್ಲಿ ಇವರಿಗೆ ನಾನು ಒಂದು ದಿನ ರಜೆ ಕೊಟ್ಟಿಲ್ಲ."

ಉಳಿದದ್ದು ಅಬ್ಬಾಸಿನ ಕಾಗದ. ಅದು ಹತ್ತು ಬೆರಳೊತ್ತಿಗಿಂತ ಕಷ್ಟವಾಯಿತು. "ಸುಳ್ಳು ಹೇಳಿದೆ ಅಂತ ನಾನೇ ಬರೆದುಕೊಡುವುದಾ? ಊರಿನಲ್ಲಿ ಮುಖ ತೋರಿಸುವುದು ಹೇಗೆ?" ಎಂದು ಎರಡು ದಿನ ಅಂಗಡಿಯಿಂದ ಮನೆಗೆ ಊಟಕ್ಕೂ ಬರಲಿಲ್ಲ. ಜುಲೈಕಾ ಒತ್ತಾಯ ಮಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಬಿದ್ದಳು. ಎತ್ತಿ ಕೂರಿಸಿದವನು ಅಬ್ಬಾಸ್. ಅವಳ ಮುಖಕ್ಕೆ ನೀರು ಹಾಕಿ, ಚಾವಡಿಗೆ ಬಂದು ಗೋಡೆಯ ಗಾಜನ್ನು ಇಳಿಸಿ ಮಂಚದ ಅಡಿಗೆ ತಳ್ಳಿ, ನನ್ನನ್ನು ಕರೆದ. "ಪೂವಕ್ಕ, ಆ ಕಚೇರಿಗೆ ಯಾವ ಬಸ್ಸು?"

ಶಿವಕೃಷ್ಣ ಹೇಳುತ್ತ ಹೋದ ಹಾಗೆ ಅಬ್ಬಾಸ್ ಬರೆದ. ಕೊನೆಯ ಸಾಲು ಮಾತ್ರ ಅವನದ್ದೇ: "ನನ್ನ ಹೆಂಡತಿಗೆ ಉದ್ಯಮ ಇಲ್ಲ. ನನಗೆ ಉದ್ಯೋಗ ಇಲ್ಲ. ಮನೆ ನಡೆಯುವುದು ಅವಳು ಹೊಸೆದದ್ದರಲ್ಲಿ." ಶಿವಕೃಷ್ಣ ಓದಿ, ಇದರಲ್ಲಿ ಅಷ್ಟೆಲ್ಲ ಬೇಡ ಎಂದು ಹೊಡೆದು ಹಾಕಲು ಪೆನ್ನು ತೆಗೆದ. "ಇರಲಿ ಸಾರ್," ಅಂದ ಅಬ್ಬಾಸ್. "ಬರೆದಾಗಿದೆ."

ಕಾರ್ಡು ಹತ್ತೊಂಬತ್ತು ದಿನಕ್ಕೆ ಬಂತು. ಅದರ ಹಿಂದೆಯೇ ಇನ್ನೊಂದು ಕಚೇರಿಯ ಕಾಗದ ಬಂತು: ಹತ್ತು ಮಹಿಳೆಯರನ್ನು ಒಂದೇ ದಿನ ಕೆಲಸದಿಂದ ಬಿಡಿಸಿದ್ದಕ್ಕೆ ಮಾಲಕಿಯವರು ವಿವರಣೆ ಕೊಡಬೇಕು. ನಾನೂರು ಬೀಡಿಯವರ ಎಲೆ ನಿಂತಾಗ ಆ ಕಚೇರಿಯಿಂದ ಒಂದು ಕಾಗದ ಬಂದದ್ದಿಲ್ಲ. ಅದನ್ನು ಆಮೇಲೆ ನೋಡುವ ಎಂದು ಬಿಟ್ಟೆವು.

ಆಪರೇಷನ್ ಆಯಿತು, ಜುಲೈಕಾ ಹುಷಾರಾಗಿ ಅಳದಂಗಡಿಯ ತವರಿನಲ್ಲಿದ್ದಾಳೆ, ಭಾರ ಎತ್ತಬಾರದಂತೆ. ಅದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೊನೆಗೆ ಹೇಳಬೇಕಾದದ್ದು ಬೇರೆ ಉಂಟು. ಒಳಗೆ ಕರೆದುಕೊಂಡು ಹೋಗುವ ದಿನ ನಾವು ಮೂವರು ಕೌಂಟರಿನಲ್ಲಿ ನಿಂತಿದ್ದೆವು. ಗಾಜಿನ ಆಚೆಯ ಹುಡುಗಿ ಕಾರ್ಡು ನೋಡಿದಳು, ಸರಿ ಅಂದಳು. ಹೆಸರು ಕೇಳಿದಳು, ಪ್ರಾಯ ಕೇಳಿದಳು, ಗಂಡನ ಸಹಿ ತೆಗೆದುಕೊಂಡಳು. ಹೊಟ್ಟೆ ಅವಳದ್ದು, ಒಪ್ಪಿಗೆ ಗಂಡನದ್ದು. ಮತ್ತೆ ಫಾರಮಿನ ಮೇಲೆ ಪೆನ್ನಿಟ್ಟು ಕೇಳಿದಳು:

"ಏನು ಕೆಲಸ ಮಾಡ್ತೀರಿ ಅಮ್ಮಾ?"

ಜುಲೈಕಾ ಗಂಡನನ್ನು ನೋಡಿದಳು, ಗಾಜಿನ ಆಚೆ ಇನ್ನೂ ಆ ಹುಡುಗಿಯ ಕೈಯಲ್ಲಿದ್ದ ತನ್ನ ಕಾರ್ಡನ್ನು ನೋಡಿದಳು. ಮತ್ತೆ ನನ್ನ ಕಿವಿಯ ಹತ್ತಿರ ಬಂದಳು.

"ಪೂವಕ್ಕ, ಬೀಡಿ ಅಂದ್ರೆ ಪುಸ್ತಕ ಎಲ್ಲಿ ಅಂತಾರೆ. ಊದುಬತ್ತಿ ಅಂದ್ರೆ ಹತ್ತು ಜನ ಎಲ್ಲಿ ಅಂತಾರೆ. ಎಂತದೂ ಇಲ್ಲ ಅಂದ್ರೆ ನನಗೇ ನಗು ಬರ್ತದೆ. ನಾನು ಎಂತ ಮಾಡುವವಳು ಅಂತ ಬರೆಸುವುದು?"